ಅರಳು ಮರಳಿಗೆ ಯಾವ ಭಾಷೆ?

ಇವತ್ತು ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ನೂರರಲ್ಲಿ ಏಳು ಕಳೀರಿ. ಬಂದದ್ದರಲ್ಲಿ ಮತ್ತೆ ಏಳು ಕಳೀರಿ. ಮತ್ತೆ ಏಳು. ಹೀಗೆ ಐದು ಸಲ, ಪೇಪರ್ ಇಲ್ಲ, ಫೋನ್ ಇಲ್ಲ.

ಬಿಕಾಂ ಓದಿದ ನನಗೇ ಎಪ್ಪತ್ತೊಂಬತ್ತಕ್ಕೆ ಬಂದಾಗ ಸ್ವಲ್ಪ ತಡವರಿಸುತ್ತೆ. ಆದ್ರೆ ಇದು ಆಟದ ಲೆಕ್ಕ ಅಲ್ಲ. 1975ರಲ್ಲಿ ಅಮೆರಿಕದಲ್ಲಿ ಫೋಲ್‌ಸ್ಟೀನ್ ಮತ್ತು ಜೊತೆಗಾರರು ಪ್ರಕಟಿಸಿದ ಮಿನಿ ಮೆಂಟಲ್ ಸ್ಟೇಟ್ ಎಕ್ಸಾಮಿನೇಷನ್ ಅನ್ನೋ ಪರೀಕ್ಷೆಯ ಒಂದು ಪ್ರಶ್ನೆ. ಒಟ್ಟು 30 ಅಂಕ. ಇವತ್ತು ತಾರೀಖು ಎಷ್ಟು, ಇದು ಯಾವ ಊರು, ಈ ಮೂರು ಪದ ನೆನಪಿಟ್ಕೊಳ್ಳಿ, ಈ ಚಿತ್ರ ನೋಡಿ ಬರೀರಿ, ಒಂದು ವಾಕ್ಯ ಬರೀರಿ. ಅಂಕ ಕಡಿಮೆ ಬಂದ್ರೆ ಡೆಮೆನ್ಷಿಯಾ ಇರಬಹುದು ಅನ್ನೋ ಅನುಮಾನ. ಪ್ರಪಂಚದಾದ್ಯಂತ ಡಾಕ್ಟರ್‌ಗಳು ಹತ್ತಾರು ವರ್ಷ ಇದನ್ನೇ ಬಳಸಿದ್ರು.

ಈಗ ಅದೇ ಪೇಪರನ್ನ ಪೀಣ್ಯಕ್ಕೆ ತನ್ನಿ. ಎದುರಿಗೆ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಕೂತಿದ್ದಾರೆ ಅಂದ್ಕೊಳ್ಳಿ. ಮನೆಮಾತು ತೆಲುಗು, ಬೀದಿ ಮಾತು ಕನ್ನಡ, ಶಾಲೆ ಮೆಟ್ಟಿಲು ಹತ್ತಿಲ್ಲ, ಗಾರ್ಮೆಂಟ್ಸ್‌ನಲ್ಲಿ ಇಪ್ಪತ್ತು ವರ್ಷ ಕಾಲರ್ ಹೊಲಿದಿದ್ದಾರೆ. ಪೆನ್ ಕೊಟ್ಟು ಒಂದು ವಾಕ್ಯ ಬರೀರಿ ಅಂದ್ರೆ ಏನು ಮಾಡಬೇಕು? ತಾರೀಖು ಗೊತ್ತಿಲ್ಲ, ಆದ್ರೆ ನಾಳೆ ಅಮಾವಾಸ್ಯೆ ಅಂತ ಗೊತ್ತು. ನೂರರಿಂದ ಏಳು ಕಳೆಯೋದು ಬರಲ್ಲ, ಚೀಟಿ ದುಡ್ಡಿನ ಲೆಕ್ಕ ಮಾತ್ರ ಒಂದು ರೂಪಾಯಿ ತಪ್ಪಲ್ಲ. ಈ ಪೇಪರ್ ಪ್ರಕಾರ ಅವರು ಫೇಲ್. ಇನ್ನೊಂದು ಕಡೆ, ವೈಟ್‌ಫೀಲ್ಡ್ ಅಪಾರ್ಟ್‌ಮೆಂಟ್‌ನ ಒಬ್ಬ ರಿಟೈರ್ಡ್ ಎಂಜಿನಿಯರ್. ಮನೆಯವರಿಗೆ ಅವರು ಮೊದಲಿನ ಹಾಗಿಲ್ಲ ಅಂತ ಒಂದು ವರ್ಷದಿಂದ ಗೊತ್ತು. ಆದ್ರೆ ಜೀವನವಿಡೀ ಲೆಕ್ಕ ಮಾಡಿದ ತಲೆ, ಪರೀಕ್ಷೆ ಸಲೀಸಾಗಿ ಪಾಸ್ ಮಾಡುತ್ತೆ. ಅವರಿಗೆ ‘ಏನೂ ಇಲ್ಲ’ ಅನ್ನೋ ಉತ್ತರ ಸಿಗುತ್ತೆ.

ಇಬ್ಬರಿಗೂ ಅನ್ಯಾಯ ಆಯ್ತು. ಈ ಅನ್ಯಾಯ ಹೇಗೆ ಶುರುವಾಯ್ತು, ಅದನ್ನ ಸರಿ ಮಾಡೋಕೆ ಯಾರು ಏನು ಮಾಡಿದ್ರು, ನಮ್ಮ ಬೆಂಗಳೂರಿನ ಹೊರ ಅಂಚಿಗೆ ಅದು ಯಾಕೆ ಈಗ ತುರ್ತು, ಇದೇ ಇವತ್ತಿನ ಕಥೆ.

ಮೊದಲು ಒಂದು ಮಾತು. ಡೆಮೆನ್ಷಿಯಾ ಅಂದ್ರೆ ಬರೀ ಮರೆವಲ್ಲ. ನೆನಪು, ಮಾತು, ದಾರಿಯ ಗುರುತು, ದುಡ್ಡಿನ ವ್ಯವಹಾರ, ಸ್ನಾನ, ಊಟ ಎಲ್ಲ ಒಂದೊಂದಾಗಿ ಕೈ ತಪ್ಪುತ್ತಾ ಹೋಗೋ ಸ್ಥಿತಿ. ಅದಕ್ಕೆ ಹಲವು ಕಾರಣಗಳಿವೆ, ಅತಿ ಸಾಮಾನ್ಯವಾದದ್ದು ಆಲ್ಝೈಮರ್. ಆ ಹೆಸರು ಬಂದದ್ದು ಜರ್ಮನಿಯ ಡಾಕ್ಟರ್ ಆಲೋಯಿಸ್ ಆಲ್ಝೈಮರ್ ಅವರಿಂದ. 1901ರಲ್ಲಿ ಫ್ರಾಂಕ್‌ಫರ್ಟ್ ಆಸ್ಪತ್ರೆಗೆ ಆಗುಸ್ಟ ಡೇಟರ್ ಅನ್ನೋ ಐವತ್ತೊಂದು ವರ್ಷದ ಹೆಂಗಸನ್ನ ಸೇರಿಸಿದ್ರು. ಡಾಕ್ಟರ್ ಎದುರಿಗೆ ಕೂತು ಕೇಳಿದ್ರು: ನಿಮ್ಮ ಹೆಸರೇನು, ಗಂಡನ ಹೆಸರೇನು, ಈಗ ಏನು ತಿಂತಾ ಇದ್ದೀರಿ. ಉತ್ತರಗಳನ್ನ ಹಾಗೇ ಬರ್ಕೊಂಡ್ರು. 1906ರಲ್ಲಿ ಆಕೆ ತೀರ್ಕೊಂಡ ಮೇಲೆ ಮೆದುಳನ್ನ ಪರೀಕ್ಷೆ ಮಾಡಿ ಟ್ಯೂಬಿಂಗನ್‌ನಲ್ಲಿ ಭಾಷಣ ಮಾಡಿದ್ರು. 1910ರಲ್ಲಿ ಕ್ರೇಪೆಲಿನ್ ಆ ಕಾಯಿಲೆಗೆ ಆಲ್ಝೈಮರ್ ಹೆಸರಿಟ್ರು.

ಎಲ್ಲ ಪುಸ್ತಕಗಳೂ ಆ ಮೆದುಳಿನ ಬಗ್ಗೆ ಬರೀತವೆ. ನನಗೆ ಆ ಮಾತುಕತೆಯೇ ಮುಖ್ಯ ಅನ್ಸುತ್ತೆ. ಕೇಳಿದವರದ್ದೂ ಉತ್ತರ ಕೊಟ್ಟವರದ್ದೂ ಒಂದೇ ಭಾಷೆ. ಹಾಗಾಗಿ ಏನು ಕಳೆದುಹೋಗಿದೆ ಅನ್ನೋದು ಡಾಕ್ಟರ್‌ಗೆ ಕಾಣಿಸ್ತು.

ಈಗ ನಮ್ಮ ಏರಿಯಾಗೆ ಬರೋಣ. ಬೆಂಗಳೂರಿನ ಹೊರ ಅಂಚು ಅಂದ್ರೆ ನಮ್ಮ ಕಣ್ಣಿಗೆ ಬರೋದು ಐಡಿ ಕಾರ್ಡ್ ಹಾಕ್ಕೊಂಡ ಹುಡುಗ ಹುಡುಗಿಯರು. ಇಡೀ ಏರಿಯಾಗೇ ಇಪ್ಪತ್ತೈದು ವರ್ಷ ವಯಸ್ಸು ಅನ್ನೋ ಹಾಗೆ. ವಾಸ್ತವ ಹಾಗಿಲ್ಲ. ಎಚ್‌ಎಎಲ್ ಶುರುವಾದದ್ದು 1940ರಲ್ಲಿ. ದೂರವಾಣಿ ನಗರದ ಐಟಿಐ 1948ರಲ್ಲಿ, ಜಾಲಹಳ್ಳಿಯ ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಎಚ್‌ಎಂಟಿ ವಾಚ್ ಮಾಡೋಕೆ ಶುರು ಮಾಡ್ತು. ಈ ಫ್ಯಾಕ್ಟರಿಗಳಿಗೆ ಕೋಲಾರ, ತುಮಕೂರು, ಸೇಲಂ, ಚಿತ್ತೂರು, ಪಾಲಕ್ಕಾಡ್ ಎಲ್ಲ ಕಡೆಯಿಂದ ಜನ ಬಂದ್ರು. 1970ರ ದಶಕದಿಂದ ಪೀಣ್ಯ ಬೆಳೀತು, ಲೇಥ್, ಪ್ರೆಸ್, ಪ್ಲೇಟಿಂಗ್, ಆಮೇಲೆ ಗಾರ್ಮೆಂಟ್ಸ್. 1978ರಲ್ಲಿ ಆರ್.ಕೆ. ಬಾಳಿಗ ಅವರ ಕನಸಿನಂತೆ ಕಿಯೋನಿಕ್ಸ್ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರು ಮಾಡ್ತು.

ಲೆಕ್ಕ ಹಾಕಿ. 1961ರಲ್ಲಿ ಇಪ್ಪತ್ತು ವರ್ಷಕ್ಕೆ ವಾಚ್ ಫ್ಯಾಕ್ಟರಿ ಸೇರಿದವರು ಈಗ ಎಂಬತ್ತು ದಾಟಿದ್ದಾರೆ. 1978ರಲ್ಲಿ ಇಪ್ಪತ್ತೈದು ಆಗಿದ್ದವರು ಎಪ್ಪತ್ತು ದಾಟಿದ್ದಾರೆ. ಡೆಮೆನ್ಷಿಯಾ ಸಾಧ್ಯತೆ ಏರೋ ವಯಸ್ಸು ಅದೇ. ಅಂದ್ರೆ ಈ ಬೆಲ್ಟನ್ನ ಕಟ್ಟಿದ ಮೊದಲ ತಲೆಮಾರು ಈಗ ಆ ವಯಸ್ಸಿನಲ್ಲಿದೆ. ಇವರ ಜೊತೆ ಇನ್ನೂ ಎರಡು ಗುಂಪು ಸೇರಿಸ್ಕೊಳ್ಳಿ. ಒಂದು, ಜಮೀನು ಹೋದ ಮೇಲೂ ಅಲ್ಲೇ ಉಳಿದ ಮೂಲ ಹಳ್ಳಿಯವರು. ಅವರ ರಾಗಿ ಹೊಲ ಈಗ ಟೆಕ್ ಪಾರ್ಕ್, ಮನೆ ಹಿಂದಿನ ಕೆರೆ ಈಗ ಲೇಔಟ್. ನೆನಪು ಗಟ್ಟಿ ಇದ್ದವರಿಗೇ ಅಲ್ಲಿ ದಾರಿ ತಪ್ಪುತ್ತೆ. ಎರಡು, ಮಗ ಸೊಸೆ ಕೆಲಸಕ್ಕೆ ಅಂತ ಬಂದು, ಹಿಂದೆಯೇ ಕರೆಸಿಕೊಂಡ ಅಪ್ಪ ಅಮ್ಮಂದಿರು, ಕಾನ್ಪುರದಿಂದ, ಕಟಕ್‌ನಿಂದ, ಧಾರವಾಡದಿಂದ.

ವೈಟ್‌ಫೀಲ್ಡ್ ಬಗ್ಗೆ ಒಂದು ಸಣ್ಣ ಅಡ್ಡದಾರಿ ಹಿಡಿಯೋಣ. 1882ರಲ್ಲಿ ಡಿ.ಎಸ್. ವೈಟ್ ಅವರ ಸಂಘಕ್ಕೆ ಚಾಮರಾಜೇಂದ್ರ ಒಡೆಯರ್ 3,900 ಎಕರೆ ಕೊಟ್ರು. ಆಂಗ್ಲೋ ಇಂಡಿಯನ್ನರು ತಮ್ಮದೇ ಊರು ಕಟ್ಕೊಂಡು ಬೇಸಾಯ ಮಾಡ್ಲಿ ಅನ್ನೋ ಯೋಜನೆ. ಬೇಸಾಯ ಅಷ್ಟೇನೂ ಕೈ ಹಿಡಿಯಲಿಲ್ಲ, ವೈಟ್‌ಫೀಲ್ಡ್ ನಿವೃತ್ತರ ಶಾಂತ ಊರು ಅಂತ ಹೆಸರಾಯ್ತು. ತಮ್ಮ ಭಾಷೆ, ತಮ್ಮ ಚರ್ಚು, ತಮ್ಮ ಅಡುಗೆ ನಡುವೆ ವಯಸ್ಸಾಗೋಕೆ ಒಂದು ಜಾಗ. ಇವತ್ತು ‘ಸೀನಿಯರ್ ಲಿವಿಂಗ್’ ಅಂತ ಬ್ರೋಶರ್‌ನಲ್ಲಿ ಮಾರೋದು ಹೆಚ್ಚೂಕಡಿಮೆ ಇದನ್ನೇ. ಒಂದು ಚಿಕ್ಕ ಸಮುದಾಯಕ್ಕೆ ರಾಜರ ಜಮೀನು ಸಿಕ್ಕಿತ್ತು, ಹಾಗಾಗಿ ಅದು ಸಾಧ್ಯ ಆಯ್ತು. ಪೀಣ್ಯದ ಟರ್ನರ್‌ಗೆ, ಗಾರ್ಮೆಂಟ್ಸ್ ಟೈಲರ್‌ಗೆ ಅಂಥ ಊರನ್ನ ಯಾರೂ ಕಟ್ಟಿಕೊಡಲಿಲ್ಲ.

2011ರ ಜನಗಣತಿ ನೋಡಿದ್ರೆ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡವನ್ನ ಮಾತೃಭಾಷೆ ಅಂದವರು ಅರ್ಧಕ್ಕಿಂತ ಕಡಿಮೆ. ಉಳಿದವರಲ್ಲಿ ದೊಡ್ಡ ಗುಂಪುಗಳು ತಮಿಳು, ತೆಲುಗು, ಉರ್ದು. ಹಾಗಾಗಿ ಈ ಊರಲ್ಲಿ ‘ಎಲ್ಲರಿಗೂ ಒಂದೇ ಪರೀಕ್ಷೆ’ ಅನ್ನೋದು ಮೊದಲ ದಿನವೇ ಸೋಲುವ ಐಡಿಯಾ.

ಇಷ್ಟೆಲ್ಲ ಇದ್ದೂ ಸಮಸ್ಯೆ ಯಾಕೆ ಕಾಣ್ಲಿಲ್ಲ? ಉತ್ತರ ನಮ್ಮ ಬಾಯಲ್ಲೇ ಇದೆ. ‘ಅರವತ್ತಕ್ಕೆ ಅರಳು ಮರಳು.’ ಹಿಂದಿಯಲ್ಲೂ ಹೀಗೇ, ‘ಸಠಿಯಾನಾ’ ಅನ್ನೋ ಪದ ಅರವತ್ತು ಅನ್ನೋದರಿಂದಲೇ ಬಂದಿದೆ. ವಯಸ್ಸಾಯ್ತು, ಹಾಗೇ ಆಗುತ್ತೆ, ಬಿಡಿ. ಈ ಮಾತಿನಲ್ಲಿ ಒಂದು ಒಳ್ಳೆಯತನ ಇದೆ, ಒಪ್ಕೋತೀನಿ. ಮರೆಯೋ ಮುದುಕರನ್ನ ಹುಚ್ಚರು ಅಂತ ದೂರ ಇಡಲಿಲ್ಲ, ಜಗಲಿ ಮೇಲೆ ಕೂರಿಸಿ ಊಟ ಕೊಟ್ರು. ಆದ್ರೆ ಅದೇ ಮಾತಿನಿಂದ ಯಾರೂ ಡಾಕ್ಟರ್ ಹತ್ರ ಹೋಗ್ಲಿಲ್ಲ. ಕೆಲವು ಮರೆವು ಥೈರಾಯ್ಡ್‌ನಿಂದ, ಬಿ12 ಕೊರತೆಯಿಂದ, ಖಿನ್ನತೆಯಿಂದ ಬರುತ್ತೆ, ಚಿಕಿತ್ಸೆ ಇದೆ. ಅದೂ ತಪ್ಪಿಹೋಯ್ತು.

ಈ ಮಾತಿಗೂ ವಿಜ್ಞಾನಕ್ಕೂ ಡಿಕ್ಕಿ ಆದ ಕಥೆ ಕೇಳಿ. 1998ರಲ್ಲಿ ಕೊಚ್ಚಿಯಲ್ಲಿ ಡೆಮೆನ್ಷಿಯಾ ಸಂಶೋಧಕರ ಒಂದು ಜಾಲ ಹುಟ್ಟಿತು, ಹೆಸರು 10/66. ವಿಚಿತ್ರ ಹೆಸರು, ಅರ್ಥ ಸರಳ: ಡೆಮೆನ್ಷಿಯಾ ಇರೋ ಜನರಲ್ಲಿ ಶೇ. 66ರಷ್ಟು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿದ್ದಾರೆ, ಸಂಶೋಧನೆಯಲ್ಲಿ ಶೇ. 10 ಕೂಡ ಅವರ ಬಗ್ಗೆ ಇಲ್ಲ. ಈ ಜಾಲ ಹಲವು ದೇಶಗಳಲ್ಲಿ ಸಮೀಕ್ಷೆ ಮಾಡಿ 2008ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸ್ತು. ಅಮೆರಿಕದ ಮಾನದಂಡ ಹಿಡಿದು ಅಳೆದಾಗ ಗ್ರಾಮೀಣ ಭಾರತದಲ್ಲಿ, ಅಂದ್ರೆ ತಮಿಳುನಾಡಿನ ವೆಲ್ಲೂರು ಕಡೆ, 65 ದಾಟಿದವರಲ್ಲಿ ಡೆಮೆನ್ಷಿಯಾ ಇದ್ದವರು ಶೇ. 0.3. ಇಷ್ಟು ಕಡಿಮೆ ಎಲ್ಲೂ ಇರಲಿಲ್ಲ. ಅದೇ ಜನರನ್ನ, ಓದು ಬರಹ ಇಲ್ಲದವರಿಗೂ ಹೊಂದೋ ಹಾಗೆ 10/66 ಮಾಡಿದ ವಿಧಾನದಿಂದ ಅಳೆದಾಗ ಸಂಖ್ಯೆ ಹಲವು ಪಟ್ಟು ಜಾಸ್ತಿ ಬಂತು. ಜನ ಅದೇ, ಊರು ಅದೇ, ಬದಲಾದದ್ದು ಅಳತೆಗೋಲು. ಅಮೆರಿಕದ ಮಾನದಂಡಕ್ಕೆ ‘ದಿನನಿತ್ಯದ ಕೆಲಸಕ್ಕೆ ತೊಂದರೆ ಆಗ್ತಿದೆ’ ಅಂತ ಮನೆಯವರು ಹೇಳಬೇಕು. ನಮ್ಮಲ್ಲಿ ಅಜ್ಜಿಗೆ ಕೆಲಸವೇ ಕೊಡಲ್ಲ, ಸೊಸೆ ಎಲ್ಲ ಮಾಡ್ತಾಳೆ. ತೊಂದರೆ ಇದೆಯಾ ಅಂತ ಕೇಳಿದ್ರೆ ‘ಏನಿಲ್ಲ, ವಯಸ್ಸಾಗಿದೆ ಅಷ್ಟೇ’.

ಅಳತೆಗೋಲು ಬದಲಿಸೋ ಕೆಲಸ ಅದಕ್ಕೂ ಮೊದಲೇ ಹರಿಯಾಣದ ಬಲ್ಲಭಗಢದಲ್ಲಿ ಶುರುವಾಗಿತ್ತು. ಅಲ್ಲಿ ಭಾರತ ಮತ್ತು ಅಮೆರಿಕದ ಸಂಶೋಧಕರು ಓದು ಬರಹ ಬಾರದ ಹಳ್ಳಿ ಹಿರಿಯರ ಜೊತೆ ಕೂತು, ಹಳೇ ಪರೀಕ್ಷೆಯ ಒಂದೊಂದೇ ಪ್ರಶ್ನೆ ಬಿಚ್ಚಿ ನೋಡಿದ್ರು. ಮೇರಿ ಗಂಗೂಲಿ ಮತ್ತು ತಂಡ 1995ರಲ್ಲಿ ಹಿಂದಿ ಆವೃತ್ತಿ ಪ್ರಕಟಿಸ್ತು. ‘ಕಣ್ಣು ಮುಚ್ಚಿ’ ಅಂತ ಬರೆದ ಚೀಟಿ ಓದಿಸೋ ಬದಲು, ‘ನನ್ನ ಮುಖ ನೋಡಿ, ನಾನು ಮಾಡಿದ ಹಾಗೇ ಮಾಡಿ’. ಎಷ್ಟು ಸರಳ! ಪ್ರಶ್ನೆ ಅಳೆಯಬೇಕಾದದ್ದು ಮೆದುಳನ್ನ, ಇಸ್ಕೂಲನ್ನಲ್ಲ.

ಕನ್ನಡಕ್ಕೆ ಬರೋಕೆ ಇನ್ನೂ ಸಮಯ ಹಿಡೀತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದ್ರೆ ಐಸಿಎಂಆರ್, ನಿಮ್ಹಾನ್ಸ್ ಸೇರಿ ಹಲವು ಸಂಸ್ಥೆಗಳ ಜೊತೆ ಒಂದು ಟೂಲ್ ಬಾಕ್ಸ್ ತಯಾರಿಸ್ತು. ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ, ಕನ್ನಡ, ಐದು ಭಾಷೆಗಳಲ್ಲಿ ಒಂದಕ್ಕೊಂದು ಹೋಲಿಸಬಹುದಾದ ಪರೀಕ್ಷೆಗಳು. ಬರೀ ಅನುವಾದ ಅಲ್ಲ. ಒಂದು ಪದಪಟ್ಟಿ ಕನ್ನಡದಲ್ಲಿ ಸುಲಭ, ಮಲಯಾಳಂನಲ್ಲಿ ಕಷ್ಟ ಆಗಿಬಿಟ್ರೆ ಹೋಲಿಕೆಗೆ ಅರ್ಥ ಇಲ್ಲ. ಪದ ಎಷ್ಟು ಪರಿಚಿತ, ಚಿತ್ರದ ವಸ್ತು ಆ ಊರಲ್ಲಿ ಬಳಕೆಯಲ್ಲಿದೆಯಾ ಅಂತೆಲ್ಲ ನೋಡಬೇಕು.

ಈ ಕೆಲಸದಲ್ಲಿ ಮುಂದೆ ಇದ್ದವರು ನಿಮ್ಹಾನ್ಸ್‌ನ ನ್ಯೂರಾಲಜಿಸ್ಟ್ ಡಾ. ಸುವರ್ಣಾ ಅಲ್ಲಾಡಿ. ಅವರ ಇನ್ನೊಂದು ಅಧ್ಯಯನ ಪ್ರಪಂಚದಲ್ಲೇ ಸುದ್ದಿ ಆಗಿತ್ತು. ಹೈದರಾಬಾದ್‌ನಲ್ಲಿದ್ದಾಗ 648 ಡೆಮೆನ್ಷಿಯಾ ರೋಗಿಗಳ ಮಾಹಿತಿ ನೋಡಿ 2013ರಲ್ಲಿ ಪ್ರಕಟಿಸಿದ್ದು: ಎರಡು ಅಥವಾ ಹೆಚ್ಚು ಭಾಷೆ ಮಾತಾಡೋರಲ್ಲಿ, ಒಂದೇ ಭಾಷೆಯವರಿಗಿಂತ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸ್ಕೊಂಡಿತ್ತು. ಶಾಲೆಗೆ ಹೋಗದವರಲ್ಲೂ ವ್ಯತ್ಯಾಸ ಇತ್ತು. ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದನ್ನ ಒಪ್ಪಿಲ್ಲ, ಚರ್ಚೆ ನಡೀತಾನೇ ಇದೆ. ಆದ್ರೂ ಯೋಚಿಸಿ: ಮನೇಲಿ ತೆಲುಗು, ಲೈನ್‌ನಲ್ಲಿ ಕನ್ನಡ, ಸೂಪರ್‌ವೈಸರ್ ಜೊತೆ ತಮಿಳು, ಅಂಗಡೀಲಿ ದಖನಿ ಮಾತಾಡಿದ ಆ ಪೀಣ್ಯದ ಅಜ್ಜಿಯ ‘ಅವಿದ್ಯಾವಂತ’ ತಲೆಯಲ್ಲಿ ಎಷ್ಟು ಕಸರತ್ತು ನಡೆದಿದೆ!

ಇದೇ ಭಾಷೆಗಳ ಸಂಗತಿಗೆ ಇನ್ನೊಂದು ಮುಖ ಇದೆ, ಅದು ಕಾಯಿಲೆ ಬಂದ ಮೇಲೆ ಕಾಣೋದು. ಎಲ್ಲರಲ್ಲೂ ಅಲ್ಲ, ಆದ್ರೆ ಅನೇಕರಲ್ಲಿ ತಡವಾಗಿ ಕಲಿತ ಭಾಷೆ ಮೊದಲು ಜಾರುತ್ತೆ. ನಲವತ್ತು ವರ್ಷ ಕನ್ನಡ ಮಾತಾಡಿದವರು ತಮಿಳಿಗೆ ಮರಳ್ತಾರೆ. ಆಫೀಸಲ್ಲಿ ಇಂಗ್ಲಿಷ್‌ನಲ್ಲೇ ಬದುಕಿದವರು ಚಾಮರಾಜನಗರದ ಬಾಲ್ಯದ ಕನ್ನಡಕ್ಕೆ ಮರಳ್ತಾರೆ. ಎದುರಿಗಿರೋ ಮೊಮ್ಮಗುವಿಗೆ ಆ ಭಾಷೆ ಬರಲ್ಲ.

ಸ್ವೀಡನ್‌ನಲ್ಲಿ ನಡೆದದ್ದು ನಮ್ಮ ಕಥೆಯ ಹಾಗೇ ಇದೆ. ಎರಡನೇ ಮಹಾಯುದ್ಧದ ನಂತರ ಫಿನ್‌ಲ್ಯಾಂಡ್‌ನಿಂದ ಸಾವಿರಾರು ಜನ ಸ್ವೀಡನ್‌ನ ಫ್ಯಾಕ್ಟರಿಗಳಿಗೆ ಬಂದ್ರು. ಸ್ವೀಡಿಶ್ ಕಲಿತರು, ಅಲ್ಲೇ ಮುದುಕರಾದ್ರು. ಡೆಮೆನ್ಷಿಯಾ ಬಂದಾಗ ಅನೇಕರ ಸ್ವೀಡಿಶ್ ಹೋಯ್ತು. 1990ರ ದಶಕದಲ್ಲಿ ಸಿರ್ಕಾ ಲೀಸಾ ಎಕ್‌ಮನ್ ಅವರು ಇಂಥವರನ್ನ ಗಮನಿಸಿ ತೋರಿಸಿದ್ದು: ಫಿನ್ನಿಶ್ ಬಲ್ಲ ನರ್ಸ್ ಜೊತೆ ಇದ್ದಾಗ ಅವರು ಹೆಚ್ಚು ಮಾತಾಡ್ತಿದ್ರು, ತಮ್ಮ ಕೆಲಸ ತಾವೇ ಹೆಚ್ಚು ಮಾಡ್ಕೊಳ್ತಿದ್ರು. 2010ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ಅಲ್ಲಿನ ಹಲವು ಪುರಸಭೆಗಳಲ್ಲಿ ಫಿನ್ನಿಶ್‌ನಲ್ಲಿ ಹಿರಿಯರ ಆರೈಕೆ ಕೇಳೋದು ಹಕ್ಕು.

ಬೆಂಗಳೂರಲ್ಲಿ ಭಾಷೆ ಬಗ್ಗೆ ನಾವು ಜಗಳ ಆಡೋದು ಆಟೋದಲ್ಲಿ, ಬ್ಯಾಂಕ್ ಕೌಂಟರ್‌ನಲ್ಲಿ, ಬೋರ್ಡ್ ಮೇಲೆ. ಆ ಜಗಳಗಳಿಗೂ ಕಾರಣ ಇದೆ, ಇಲ್ಲ ಅನ್ನಲ್ಲ. ಆದ್ರೆ ಹಾಸಿಗೆ ಹಿಡಿದ ಅಜ್ಜನ ರೂಮಿನಲ್ಲಿ ಯಾವ ಭಾಷೆ ನಡೀತಿದೆ ಅಂತ ಯಾರೂ ಕೇಳಲ್ಲ. ಏಜೆನ್ಸಿಯಿಂದ ಬರೋ ಅಟೆಂಡರ್ ಹುಡುಗ ಹುಡುಗಿಯರು ಬಹಳ ಸಲ ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯವರು. ಕಷ್ಟದ ಕೆಲಸ, ಕಡಿಮೆ ಸಂಬಳ, ಅರವತ್ತರ ದಶಕದಲ್ಲಿ ಈ ಅಜ್ಜ ಹೇಗೆ ಬಂದ್ರೋ ಹಾಗೇ ಅವರೂ ಹೊಟ್ಟೆಪಾಡಿಗೆ ಬಂದವರು. ತಪ್ಪು ಅವರದ್ದಲ್ಲ. ಆದ್ರೆ ಅಜ್ಜ ‘ಒಂದಕ್ಕೆ ಹೋಗಬೇಕು’ ಅಂದದ್ದು ಅವರಿಗೆ ಅರ್ಥ ಆಗಲ್ಲ. ಅಜ್ಜ ಎದ್ದು ಹೋಗೋಕೆ ನೋಡ್ತಾರೆ, ಅವರು ಹಿಡಿದು ಕೂರಿಸ್ತಾರೆ, ಅಜ್ಜ ಕೈ ಎತ್ತುತ್ತಾರೆ. ಸಂಜೆ ರಿಪೋರ್ಟ್‌ನಲ್ಲಿ ‘ಪೇಷಂಟ್ ಅಗ್ರೆಸಿವ್’. ಆಮೇಲೆ ನಿದ್ದೆ ಮಾತ್ರೆ. ಅನುವಾದ ಆಗದ ಒಂದು ವಾಕ್ಯದಿಂದ ಮಾತ್ರೆವರೆಗೆ ದಾರಿ ಎಷ್ಟು ಹತ್ತಿರ ನೋಡಿ.

ಭಾಷೆ ಒಂದೇ ಅಲ್ಲ. ಸಂಜೆ ಮಗ್ರಿಬ್ ನಮಾಜಿನ ಹೊತ್ತಿಗೆ ಚಡಪಡಿಸೋ ಅಜ್ಜನಿಗೆ ಬೇಕಾಗಿರೋದು ಒಂದು ಚೊಂಬು ನೀರು, ಒಂದು ಚಾಪೆ ಇರಬಹುದು. ಮುದ್ದೆ ಉಂಡ ಬಾಯಿಗೆ ದಿನಾ ಓಟ್ಸ್ ಗಂಜಿ ಕೊಟ್ರೆ ಊಟ ಬಿಡ್ತಾರೆ. ಗಂಡಸು ಅಟೆಂಡರ್ ಸೀರೆ ಬದಲಿಸೋಕೆ ಬಂದ್ರೆ ಅಜ್ಜಿ ಕಿರುಚೋದು ಕಾಯಿಲೆಯಿಂದ ಅಲ್ಲ, ಮರ್ಯಾದೆಯಿಂದ. ಜೀವನಪೂರ್ತಿ ಪೌರಕಾರ್ಮಿಕರಾಗಿ ಹೊಸಲಿನ ಆಚೆ ನಿಂತವರು ಡೆಮೆನ್ಷಿಯಾ ಬಂದ ಮೇಲೂ ಆಸ್ಪತ್ರೆ ಕುರ್ಚಿ ಬಿಟ್ಟು ನೆಲದ ಮೇಲೆ ಕೂತರೆ, ಅದು ಯಾವ ನೆನಪು ಅಂತ ನಾವು ಅರ್ಥ ಮಾಡ್ಕೋಬೇಕು.

ನಮ್ಮೂರಲ್ಲಿ ಏನೂ ಆಗಿಲ್ಲ ಅಂತಲ್ಲ. 1992ರಲ್ಲಿ ಕೊಚ್ಚಿಯಲ್ಲಿ ಡಾ. ಜೇಕಬ್ ರಾಯ್ ಶುರು ಮಾಡಿದ ಆಲ್ಝೈಮರ್ ಸಂಘಟನೆ ಎಆರ್‌ಡಿಎಸ್‌ಐಗೆ ಬೆಂಗಳೂರಲ್ಲೂ ಶಾಖೆ ಇದೆ. 1998ರಲ್ಲಿ ಡಾ. ರಾಧಾ ಮೂರ್ತಿ ಮತ್ತು ಪ್ರೇಮ್‌ಕುಮಾರ್ ರಾಜಾ ಶುರು ಮಾಡಿದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, 2010ರಲ್ಲಿ ಕಸ್ತೂರಿ ನಗರದಲ್ಲಿ ಡೆಮೆನ್ಷಿಯಾಗೇ ಅಂತ ಕೇಂದ್ರ ತೆರೀತು. 2018ರಿಂದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಹಳ್ಳಿ ಜನರ ಮೆದುಳಿನ ಆರೋಗ್ಯವನ್ನ ವರ್ಷಾನುಗಟ್ಟಲೆ ಹಿಂಬಾಲಿಸ್ತಾ ಇದೆ, ಗುರಿ 10,000 ಜನ. ಆ ಕೇಂದ್ರಕ್ಕೆ ದುಡ್ಡು ಕೊಟ್ಟವರು ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ದಂಪತಿಯ ಟ್ರಸ್ಟ್. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹುಟ್ಟಿದ ದುಡ್ಡು ಮಾವಿನ ತೋಪಿನ ಊರಿನ ಅಜ್ಜಿಯರವರೆಗೆ ಹೋಗಿದೆ, ಚೆನ್ನಾಗಿದೆ. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಶುರು ಮಾಡ್ತು. ಜಿಲ್ಲಾ ಮಟ್ಟದ ಡಾಕ್ಟರ್‌ಗಳೇ ಮೆದುಳಿನ ಕಾಯಿಲೆ ಗುರುತಿಸಬೇಕು ಅನ್ನೋದು ಉದ್ದೇಶ.

ಅಗತ್ಯದ ಗಾತ್ರ ಬೇರೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜು: ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಜನರಿಗೆ, ಅಂದ್ರೆ ಸುಮಾರು 88 ಲಕ್ಷ ಜನರಿಗೆ ಡೆಮೆನ್ಷಿಯಾ. ಗಂಡಸರಿಗಿಂತ ಹೆಂಗಸರಲ್ಲಿ, ಓದಿದವರಿಗಿಂತ ಓದದವರಲ್ಲಿ, ನಗರಕ್ಕಿಂತ ಹಳ್ಳಿಯಲ್ಲಿ ಜಾಸ್ತಿ. ಅಂದ್ರೆ ಹಳೇ ಪರೀಕ್ಷೆ ಯಾರನ್ನ ಸರಿಯಾಗಿ ಅಳೀತಿರಲಿಲ್ಲವೋ ಅವರಲ್ಲೇ ಹೆಚ್ಚು.

ಇನ್ನು ನನ್ನ ಸಬ್ಜೆಕ್ಟ್, ದುಡ್ಡು. ಪಿಎಫ್ ಜೊತೆ ಬರೋ ಇಪಿಎಸ್ ಪೆನ್ಶನ್ನಿನ ಕನಿಷ್ಠ ಮೊತ್ತ 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಅಂತ ನಿಗದಿ ಆಯ್ತು. ಪೂರ್ತಿ ದಿನದ ಅಟೆಂಡರ್‌ಗೆ ಏಜೆನ್ಸಿ ಕೇಳೋ ಒಂದು ದಿನದ ರೇಟ್ ಹೆಚ್ಚೂಕಡಿಮೆ ಅಷ್ಟೇ. 2024ರಲ್ಲಿ ಆಯುಷ್ಮಾನ್ ಯೋಜನೆಯಲ್ಲಿ 70 ದಾಟಿದ ಎಲ್ಲರಿಗೂ 5 ಲಕ್ಷದ ವಿಮೆ ಘೋಷಣೆ ಆಯ್ತು, ಆದ್ರೆ ಅದು ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ. ಡೆಮೆನ್ಷಿಯಾ ಖರ್ಚು ಆಸ್ಪತ್ರೆಯಲ್ಲಿ ಆಗಲ್ಲ; ಮನೇಲಿ, ದಿನಾ, ವರ್ಷಗಟ್ಟಲೆ ಆಗುತ್ತೆ. ಬಹಳ ಮನೆಗಳಲ್ಲಿ ಅದನ್ನ ತೀರಿಸೋದು ಕೆಲಸ ಬಿಟ್ಟ ಒಬ್ಬ ಮಗಳು ಅಥವಾ ಸೊಸೆ, ಆ ಸಂಬಳ ಯಾವ ಲೆಕ್ಕಕ್ಕೂ ಬರಲ್ಲ. ಒಂದು ಉಪಯೋಗದ ವಿಷಯ: ಕನಿಷ್ಠ ಐದು ವರ್ಷ ಇಎಸ್‌ಐನಲ್ಲಿದ್ದು ವಯೋನಿವೃತ್ತಿ ಆದವರು ವರ್ಷಕ್ಕೆ 120 ರೂಪಾಯಿ ಕಟ್ಟಿದ್ರೆ ತಮಗೂ ಗಂಡ ಅಥವಾ ಹೆಂಡತಿಗೂ ಇಎಸ್‌ಐ ಚಿಕಿತ್ಸೆ ಮುಂದುವರಿಯುತ್ತೆ. ನಿಮ್ಮಪ್ಪನೋ ಅಮ್ಮನೋ ಪೀಣ್ಯದಲ್ಲಿ ರಿಟೈರ್ ಆಗಿದ್ರೆ ಹಳೇ ಕಾರ್ಡ್ ಹುಡುಕಿ.

ಕೊನೆಗೆ, ಮನೇಲಿ ಇಂಥ ಹಿರಿಯರಿದ್ದು ಅಟೆಂಡರ್ ಬರ್ತಿದ್ರೆ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಅವರನ್ನ ಏನಂತ ಕರೆದ್ರೆ ತಿರುಗಿ ನೋಡ್ತಾರೆ. ಚಿಕ್ಕಂದಿನ ಭಾಷೆ ಯಾವುದು. ನೀರು, ಊಟ, ನೋವು, ಬಚ್ಚಲು, ಈ ನಾಲ್ಕಕ್ಕೆ ಆ ಭಾಷೆಯಲ್ಲಿ ಏನಂತಾರೆ, ಅಟೆಂಡರ್‌ಗೆ ಓದೋಕೆ ಬರೋ ಲಿಪಿಯಲ್ಲಿ. ಏನು ಕೆಲಸ ಮಾಡ್ತಿದ್ರು, ಯಾವ ಶಿಫ್ಟ್. ನೈಟ್ ಶಿಫ್ಟ್ ಮಾಡಿದವರು ರಾತ್ರಿ ಹತ್ತಕ್ಕೆ ಬಾಗಿಲ ಹತ್ರ ನಿಂತ್ರೆ ಎಲ್ಲಿಗೆ ಹೊರಟಿದ್ದಾರೆ ಅಂತ ಆಗ ಅಟೆಂಡರ್‌ಗೂ ತಿಳಿಯುತ್ತೆ. ಡಾಕ್ಟರ್ ಹತ್ರ ಹೋದಾಗ ಪರೀಕ್ಷೆ ಮನೆಮಾತಿನಲ್ಲಿ ಮಾಡ್ತೀರಾ, ಓದದವರಿಗೆ ಬೇರೆ ಆವೃತ್ತಿ ಇದೆಯಾ ಅಂತ ಕೇಳಿ. ಕೇಳೋದರಲ್ಲಿ ಸಂಕೋಚ ಬೇಡ.

ಹಿರಿಯರ ರಾಷ್ಟ್ರೀಯ ಸಹಾಯವಾಣಿ ಎಲ್ಡರ್‌ಲೈನ್, 14567. ನೋಡ್ಕೊಳ್ತಿರೋರಿಗೇ ಮನಸ್ಸು ಭಾರ ಆಗಿದ್ರೆ ಟೆಲಿ ಮಾನಸ್, 14416, ಕನ್ನಡದಲ್ಲೂ ಮಾತಾಡಬಹುದು. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.